ಮಾಗಡಿಯೋ, ಅತ್ತಿವೇರಿಯೋ, ಕೆಲಗೇರಿಯೋ: ಚಳಿಗಾಲದ ಹಕ್ಕಿ ನೋಡಲು ಯಾವ ನೀರಿಗೆ ಹೋಗಬೇಕು?

ಮೂಡಗಾಳಿ ಬೀಸತೊಡಗಿ, ಹಿಂಗಾರಿ ಜೋಳ ಮೊಣಕಾಲೆತ್ತರ ಬಂತೆಂದರೆ ನಮ್ಮ ಸೀಮೆಯಲ್ಲಿ ದುರ್ಬೀನು ಇಟ್ಟುಕೊಂಡವರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ಈ ರವಿವಾರ ಎಲ್ಲಿಗಿ ಹೋಗೂಣು?" ಬಹಳ ಮಂದಿ ಹಿಂದೆಮುಂದೆ ನೋಡದೆ "ಮಾಗಡಿ" ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮಧ್ಯಾಹ್ನದ ನಂತರವಷ್ಟೇ ಬಿಡುವಿದ್ದವರು, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರು, ಫೋಟೋಕ್ಕೆಂದೇ ಹೊರಟವರು, ಬಾತುಕೋಳಿಗೂ ನಾಮದ ಕೋಳಿಗೂ ವ್ಯತ್ಯಾಸ ಈಗಷ್ಟೇ ಕಲಿಯುತ್ತಿರುವವರು ಎಲ್ಲರೂ ಅಲ್ಲಿಗೇ ಹೋಗಬೇಕೆಂದಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತ ಒಂದೇ ದಿನದಲ್ಲಿ ಹೋಗಿ ಬರಬಹುದಾದ ನೀರಿನ ಜಾಗಗಳು ಬೇರೆಬೇರೆ ಸ್ವಭಾವದವು.

ಜಾಗ ಆಯುವ ಮುಂಚೆ ಎರಡು ಸಂಗತಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಈ ವರ್ಷ ಅಲ್ಲಿ ನೀರು ಎಷ್ಟಿದೆ? ನೀವು ಅಲ್ಲಿ ಎಷ್ಟು ಗಂಟೆಗೆ ಇರುತ್ತೀರಿ? ಜಾಗದ ಹೆಸರು, ಖ್ಯಾತಿ ಎಲ್ಲ ಆಮೇಲೆ.

ನೀರಿನ ಲೆಕ್ಕ ಹೀಗೆ. ಚಲುಕದ ಬಾತು, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತುಗಳಂಥ ವಲಸೆಗಾರರು ಮುಳುಗು ಹಾಕಿ ಮೇಯುವವರಲ್ಲ. ತಲೆ ತಗ್ಗಿಸಿ, ಬಾಲ ಮೇಲೆತ್ತಿ, ಕತ್ತು ಎಟುಕುವಷ್ಟು ಆಳದಲ್ಲಿ ಮೇಯುತ್ತವೆ. ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳಿಗೆ ಅಷ್ಟೂ ನೀರು ಬೇಡ. ಕೆಸರಿನ ಅಂಚು ಬೇಕು. ನೀರುಕಾಗೆ, ಹಾವಕ್ಕಿಗಳಿಗೆ ಮೀನು ಸಿಗುವ ಆಳವೂ, ರೆಕ್ಕೆ ಒಣಗಿಸಲು ಬೋಳು ಕೊಂಬೆಯೂ ಬೇಕು. ಹೀಗಾಗಿ ಮಳೆ ಜೋರಾಗಿ ಕೆರೆ ಕೋಡಿ ಬಿದ್ದ ವರ್ಷ ಹಕ್ಕಿಯೂ ಹೆಚ್ಚು ಬರುತ್ತದೆ ಅಂದುಕೊಂಡು ಹೋದರೆ ನಿರಾಶೆಯಾಗಬಹುದು. ಅಂಚುಗಳೆಲ್ಲ ಮುಳುಗಿರುತ್ತವೆ, ಹಕ್ಕಿಗಳು ಹೆಸರಿಲ್ಲದ ಹತ್ತಾರು ಸಣ್ಣ ಕೆರೆಗಳಿಗೆ ಚದುರಿರುತ್ತವೆ. ಮಳೆ ಅರೆಬರೆಯಾದ ವರ್ಷ ನೀರುಳಿದ ಕೆಲವೇ ಕಡೆ ಎಲ್ಲವೂ ಬಂದು ಕೂಡುತ್ತವೆ. ಪೂರ್ತಿ ಬರ ಬಿದ್ದರೆ ಮಾತ್ರ ಕಥೆ ಬೇರೆ.

ಮಾಗಡಿ ಕೆರೆ: ಹೆಬ್ಬಾತಿಗೆ ಇದಕ್ಕೆ ಸಾಟಿಯಿಲ್ಲ

ಗದಗದಿಂದ 26 ಕಿಲೋಮೀಟರ್, ಶಿರಹಟ್ಟಿ ತಾಲ್ಲೂಕು. ಮೊಬೈಲ್ ಮ್ಯಾಪಿನಲ್ಲಿ ಬರೀ "ಮಾಗಡಿ" ಎಂದು ಹಾಕಬೇಡಿ, ಬೆಂಗಳೂರು ಪಕ್ಕದ ಮಾಗಡಿಗೆ ದಾರಿ ತೋರಿಸೀತು. ನೀರಾವರಿಗೆಂದು ಮಳೆನೀರು ನಿಲ್ಲಿಸಲು ಕಟ್ಟಿದ ಕೆರೆ ಇದು, ವಿಸ್ತೀರ್ಣ ಸುಮಾರು 50 ಹೆಕ್ಟೇರ್. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ, ಅಂಕಸಮುದ್ರದ ಜೊತೆ ಇದೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಅದಕ್ಕೂ ಮುಂಚೆ ಆ ಪಟ್ಟಿಯಲ್ಲಿದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಮಾಗಡಿಯಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ, ಅವುಗಳಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಇಲ್ಲಿ ಸೇರುವ ಹಕ್ಕಿಗಳು ಸುಮಾರು 8,000 ಎಂಬುದು ರಾಮ್ಸಾರ್ ದಾಖಲೆಯ ಲೆಕ್ಕ.

ಇಷ್ಟೆಲ್ಲ ಇದ್ದರೂ ಜನ ಬರುವುದು ಒಂದೇ ಹಕ್ಕಿಗೆ: ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಅಡ್ಡಕ್ಕೆ ಎರಡು ಕಪ್ಪು ಪಟ್ಟೆ. ಮಂಗೋಲಿಯ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ಬದಿಯಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಉಪಗ್ರಹ ಟ್ಯಾಗ್ ಹಾಕಿದ ಹಕ್ಕಿಗಳು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ತೆಳು ಗಾಳಿಯಲ್ಲೂ ಆಮ್ಲಜನಕ ಹಿಡಿದುಕೊಳ್ಳುವ ವಿಶೇಷ ಹಿಮೋಗ್ಲೋಬಿನ್ ಇವುಗಳ ರಕ್ತದಲ್ಲಿದೆ. ದಕ್ಷಿಣ ಭಾರತದಲ್ಲಿ ಇವು ಚಳಿಗಾಲ ಕಳೆಯುವ ಅತಿ ದೊಡ್ಡ ನೆಲೆಗಳಲ್ಲಿ ಮಾಗಡಿ ಒಂದು.

ಈಗ ಗಡಿಯಾರದ ಮಾತು. ಹಕ್ಕಿ ನೋಡಲು ನಸುಕಿನಲ್ಲೇ ಏಳಬೇಕೆಂಬ ನಿಯಮ ಮಾಗಡಿಗೆ ಅರ್ಧ ಮಾತ್ರ ಅನ್ವಯ. ಹೆಬ್ಬಾತುಗಳು ಹೊತ್ತು ಮುಳುಗಿದ ಮೇಲೆ ಸುತ್ತಲಿನ ಎರಿ ಹೊಲಗಳಿಗೆ ಹಾರಿ, ಕಡಲೆಯ ಎಳೆ ಕುಡಿ, ಕಿತ್ತ ಹೊಲದಲ್ಲಿ ಉಳಿದ ಶೇಂಗಾ, ಹುಲ್ಲು ಮೇಯ್ದು ಬೆಳಿಗ್ಗೆ ಕೆರೆಗೆ ಮರಳುತ್ತವೆ. ಹಗಲೆಲ್ಲ ನೀರಿನಲ್ಲಿ, ದಂಡೆಯಲ್ಲಿ ನಿದ್ದೆ. ಕತ್ತಲಿರುವಾಗಲೇ ಹುಬ್ಬಳ್ಳಿ ಬಿಟ್ಟು ಹೊರಟರೆ ಗುಂಪುಗುಂಪಾಗಿ ಇಳಿಯುವುದನ್ನು ನೋಡಬಹುದು. ಅದಾಗದಿದ್ದರೆ ಆರಾಮಾಗಿ ತಿಂಡಿ ತಿಂದು ಹತ್ತಕ್ಕೆ ಹೋದರೂ ಹೆಬ್ಬಾತು ಅಲ್ಲೇ ಇರುತ್ತದೆ. ನಮ್ಮ ಪಟ್ಟಿಯ ಬೆಳಗಿನ ಜಾಗಗಳಲ್ಲಿ ತಡವಾಗಿ ಏಳುವವರನ್ನೂ ಬರಿಗೈಲಿ ಕಳಿಸದ ಜಾಗ ಇದೊಂದೇ. ಮನೆಯ ಹಿರಿಯರನ್ನು, ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಮಾಗಡಿಯನ್ನೇ ಹೇಳಲು ದೊಡ್ಡ ಕಾರಣ ಇದು. ಅರಣ್ಯ ಇಲಾಖೆಯ ವೀಕ್ಷಣಾ ಗೋಪುರ ಇದೆ, ದಂಡೆ ಬಯಲಾದ್ದರಿಂದ ಬರಿಗಣ್ಣಿಗೂ ಏನೋ ಒಂದು ಕಾಣುತ್ತದೆ. ದಂಡೆ ಬಯಲಾಗಿರುವುದೇ ಹೆಬ್ಬಾತಿಗೆ ಬೇಕಾದದ್ದು ಕೂಡ: ಸುತ್ತ ಯಾರು ಬಂದರೂ ದೂರದಿಂದಲೇ ಕಾಣಬೇಕು, ಆಗಲೇ ಅದಕ್ಕೆ ನಿದ್ದೆ.

ಕೊರತೆಯೂ ಇದೆ. ಫೋಟೋದವರಿಗೆ ದೂರ ಹೆಚ್ಚು, ಹನ್ನೊಂದರ ನಂತರ ನೀರಿನ ಮೇಲೆ ಬಿಸಿಗಾಳಿ ನಡುಗಿ ಚಿತ್ರ ಮಸುಕಾಗುತ್ತದೆ. ಹತ್ತಿರ ಹೋಗಲು ಹೊಲಕ್ಕೆ ಇಳಿಯುವ ಚಾಳಿ ಕೆಲವರಿಗಿದೆ. ಆ ಹೊಲದ ಕಡಲೆಯನ್ನು ಹೆಬ್ಬಾತೇ ಒಂದಿಷ್ಟು ತಿಂದಿರುತ್ತದೆ, ಮೇಲಿಂದ ನಾವೂ ತುಳಿಯುವುದು ಯಾವ ನ್ಯಾಯ? ಹಕ್ಕಿಯ ಹಿಕ್ಕೆ ಗೊಬ್ಬರವಾಯಿತು ಬಿಡಿ ಎಂದು ಸುಮ್ಮನಿರುವ ರೈತರು ಆ ಭಾಗದಲ್ಲಿ ಇರುವುದರಿಂದಲೇ ನಮಗೆ ಈ ನೋಟ ಸಿಗುತ್ತಿದೆ.

ಹೆಬ್ಬಾತು ನೋಡಿದ ಖುಷಿಯಲ್ಲಿ ಉಳಿದವನ್ನು ಬಿಡಬೇಡಿ. ಕಿತ್ತಳೆ-ಕಂದು ಮೈಯ ಬ್ರಾಹ್ಮಿಣಿ ಬಾತು, ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನದಿ ರೀವ ಇಲ್ಲಿ ಸಿಗಬಹುದಾದವು. ಕೊರಳಲ್ಲಿ ಬಣ್ಣದ ಪಟ್ಟಿ ಇರುವ ಹೆಬ್ಬಾತು ಕಂಡರೆ ಅದರ ಮೇಲಿನ ಅಕ್ಷರ-ಅಂಕಿಯ ಫೋಟೋ ತೆಗೆಯಿರಿ. ಮಂಗೋಲಿಯದಲ್ಲಿ ಪಟ್ಟಿ ಹಾಕಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಹಿಂದೆಯೂ ಕಂಡಿವೆ.

ಅತ್ತಿವೇರಿ: ಸಂಜೆಯವರ ಜಾಗ

ಜಿಲ್ಲೆಯ ಲೆಕ್ಕದಲ್ಲಿ ಇದು ಉತ್ತರ ಕನ್ನಡ, ಮುಂಡಗೋಡ ತಾಲ್ಲೂಕು. ಆದರೆ ಹುಬ್ಬಳ್ಳಿಯವರಿಗೆ ಮಾಗಡಿಗಿಂತ ಹತ್ತಿರ; ತಡಸ ದಾಟಿ ಹೋದರೆ ನಲವತ್ತೈದು ಕಿಲೋಮೀಟರಿನೊಳಗೆ ಮುಗಿಯುತ್ತದೆ. ಅತ್ತಿವೇರಿ ಜಲಾಶಯ ಮತ್ತು ಸುತ್ತಲಿನ 2.23 ಚದರ ಕಿಲೋಮೀಟರ್ ಪಕ್ಷಿಧಾಮ. ಎರಿ ಮಣ್ಣಿನ ಬಯಲು ಮುಗಿದು ಮಲೆನಾಡಿನ ಅಂಚು ಶುರುವಾಗುವ ಭಾಗವಾದ್ದರಿಂದ ನೀರಹಕ್ಕಿಯ ಜೊತೆ ಕಾಡಹಕ್ಕಿಯೂ ಸಿಗುತ್ತದೆ. ಬೂದು ಮಂಗಟ್ಟೆಯನ್ನು ನೋಡಬೇಕೆಂದರೆ ಮಾಗಡಿಯ ಬಯಲಿಗಿಂತ ಇಲ್ಲಿನ ಮರಗಳೇ ಲೇಸು.

ಇಲ್ಲಿನ ಗಮ್ಮತ್ತು ನೀರಿನ ನಡುವಿನ ಕುರುವಗಳದ್ದು. ನಾಲ್ಕೂ ಕಡೆ ನೀರು, ನಡುವೆ ಮರ. ಬೆಕ್ಕು, ನಾಯಿ, ಮನುಷ್ಯ ಯಾರೂ ಸುಲಭಕ್ಕೆ ಮುಟ್ಟದ ಇಂಥ ಜಾಗವೇ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು, ಚಮಚದ ಕೊಕ್ಕಿನ ಹಕ್ಕಿಗಳಿಗೆ ಬೇಕು. ಹೊತ್ತು ಇಳಿಯುತ್ತಿದ್ದಂತೆ ಸುತ್ತಲ ಗದ್ದೆ, ಹಳ್ಳಗಳಲ್ಲಿ ಮೇಯುತ್ತಿದ್ದವೆಲ್ಲ ಸಾಲುಸಾಲಾಗಿ ಬಂದು ಇಳಿಯುತ್ತವೆ. ಒಂದೊಂದು ಕೊಂಬೆಗೂ ಜಗಳ. ಮೊದಲು ಬಂದ ನೀರುಕಾಗೆ ಮೇಲೆ ಕೂತಿರುತ್ತದೆ, ಆಮೇಲೆ ಬಂದ ಬೆಳ್ಳಕ್ಕಿ ಅದರ ನೆತ್ತಿಗೇ ಇಳಿಯಲು ನೋಡುತ್ತದೆ, ಕಾಲು ಗಂಟೆ ಗದ್ದಲವೋ ಗದ್ದಲ. ಸಂತೆಯಿಂದ ಮರಳುವ ಕೊನೆಯ ಬಸ್ಸಿನಲ್ಲಿ ಸೀಟು ಹಿಡಿಯುವಂತೆಯೇ. ಈ ಆಟ ನೋಡಬೇಕೆಂದರೆ ಮಧ್ಯಾಹ್ನ ಮೂರಕ್ಕೆ ಹುಬ್ಬಳ್ಳಿ ಬಿಟ್ಟರೆ ಸಾಕು. ಶನಿವಾರ ಅರ್ಧ ದಿನ ಕೆಲಸ ಮಾಡುವವರಿಗೆ ಇದಕ್ಕಿಂತ ಹೊಂದುವ ಆಯ್ಕೆ ನನಗೆ ಗೊತ್ತಿಲ್ಲ. ಗೇಟು ಮುಚ್ಚುವ ವೇಳೆಯನ್ನು ಒಳಗೆ ಹೋಗುವಾಗಲೇ ಕೇಳಿಕೊಳ್ಳಿ.

ಹೆಬ್ಬಾತಿನ ಆಸೆಯಿಂದ ಅತ್ತಿವೇರಿಗೆ ಹೋಗಬೇಡಿ. ಗುಂಪಾಗಿ ಮರದಲ್ಲಿ ಕೂರುವ ಹಕ್ಕಿಗಳ ಫೋಟೋ ಬೇಕಿದ್ದರೆ, ಹಾರಿ ಬರುವ ಚಮಚದ ಕೊಕ್ಕಿನ ಚಿತ್ರ ಬೇಕಿದ್ದರೆ ಹೋಗಿ. ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಹತ್ತಿರದಲ್ಲೇ ಇರುವುದರಿಂದ ಊಟದ ಚಿಂತೆಯಿಲ್ಲ. ಬಿಸಿ ಥುಕ್ಪಾ ಚಳಿಗೆ ಚೆನ್ನ. ಹಕ್ಕಿ ನೋಡದೆ ಬರೀ ಮೊಮೊ ತಿಂದು ಬರುವ ಗೆಳೆಯರನ್ನೂ ಈ ಪ್ರವಾಸಕ್ಕೆ ಒಪ್ಪಿಸುವುದು ಸುಲಭ.

ಊರೊಳಗಿನ ಕೆರೆಗಳು: ಉಣಕಲ್ಲು, ಕೆಲಗೇರಿ

ಇವನ್ನು ಕೀಳಾಗಿ ನೋಡುವವರೇ ಹೆಚ್ಚು. ನನ್ನ ಮಟ್ಟಿಗೆ, ಕಲಿಯುವವರು ಮೊದಲ ಚಳಿಗಾಲವನ್ನು ಇಲ್ಲೇ ಕಳೆಯಬೇಕು. ದೂರದ ಕೆರೆಗೆ ವರ್ಷಕ್ಕೊಮ್ಮೆ ಹೋಗಿ ಸಾವಿರ ಹಕ್ಕಿ ನೋಡುವುದಕ್ಕಿಂತ, ಒಂದೇ ನಾಮದ ಕೋಳಿಯನ್ನು ವಾರವಾರವೂ ನೋಡಿದರೆ ಕಣ್ಣು ಬೇಗ ಪಳಗುತ್ತದೆ.

ಹುಬ್ಬಳ್ಳಿಯ ಉಣಕಲ್ಲು ಕೆರೆಗೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಿ ಇಳಿದರಾಯಿತು. ನೀರ ನಡುವೆ ವಿವೇಕಾನಂದರ ಪ್ರತಿಮೆ, ದಂಡೆಯಲ್ಲಿ ವಾಕಿಂಗ್ ಜನ. ಇಲ್ಲಿನ ರೋಗವೆಂದರೆ ಅಂತರಗಂಗೆ. ಕಳೆ ಹಬ್ಬಿದಷ್ಟೂ ಬಯಲು ನೀರು ಕಡಿಮೆಯಾಗಿ ವಲಸೆ ಬಾತುಗಳು ದೂರ ಸರಿಯುತ್ತವೆ. ಆದರೆ ಅದೇ ಕಳೆಯ ಮೇಲೆ ನಡೆದಾಡುವ ನೇರಳೆ ಜಂಬುಕೋಳಿ, ಉದ್ದುದ್ದ ಬೆರಳಿನ ದೇವನಕ್ಕಿಗಳಿಗೆ ಅದೇ ನೆಲ. ಅಂಥವನ್ನು ಹತ್ತಿರದಿಂದ ನೋಡಲು ಉಣಕಲ್ಲು ಮಾಗಡಿಗಿಂತ ಮೇಲು.

ಧಾರವಾಡದ ಕೆಲಗೇರಿ ಗೋವಾ ರಸ್ತೆಯಲ್ಲಿದೆ. ಉಣಕಲ್ಲಿನಷ್ಟು ಗದ್ದಲವಿಲ್ಲ. ನಸುಕಿನ ಮಂಜಿನಲ್ಲಿ ಗುಳುಮುಳುಕ, ವರಟೆ, ಸಿಳ್ಳೆ ಬಾತು, ದಂಡೆಯ ಕಲ್ಲಿನ ಮೇಲೆ ಬಾಲ ಕುಣಿಸುವ ಸಿಪಿಲೆ. ಎಂಟೂವರೆಯೊಳಗೆ ನೋಡಿ ಮುಗಿಸಿ, ಕೆಲಸಕ್ಕೂ ಹೋಗಬಹುದು. ಇಲ್ಲಿ ನಸುಕಿನ ನಿಯಮ ನೂರಕ್ಕೆ ನೂರು ನಿಜ. ಬಟ್ಟೆ ಒಗೆಯುವವರು, ಗಾಡಿ ತೊಳೆಯುವವರು ಬಂದ ಮೇಲೆ ಹಕ್ಕಿ ಆಚೆ ದಂಡೆಗೆ ಸರಿದಿರುತ್ತದೆ. ಎರಡರಲ್ಲಿ ಒಂದು ಆರಿಸೆಂದರೆ ಧಾರವಾಡದವನಲ್ಲದವನೂ ಕೆಲಗೇರಿಯನ್ನೇ ಆರಿಸುತ್ತಾನೆ, ಹುಬ್ಬಳ್ಳಿಯವರು ಸಿಟ್ಟಾಗಬಾರದು.

ಸಾಧನಕೇರಿ, ತೋಳನಕೆರೆ, ಗದಗದ ಭೀಷ್ಮ ಕೆರೆ ಸಂಜೆಯ ತಿರುಗಾಟಕ್ಕೆ ಚೆನ್ನ. ಹಕ್ಕಿಗೆಂದೇ ಹೋಗುವಷ್ಟಿಲ್ಲ.

ಹಾವೇರಿ ಕಡೆ: ಕೆರೆ, ಹೊಳೆ, ಹುಲ್ಲುಗಾವಲು

ಹಾವೇರಿಯ ಹೆಗ್ಗೇರಿ ಹೆಸರಿಗೆ ತಕ್ಕಂತೆ ದೊಡ್ಡದು, ಊರಿಗೆ ಅಂಟಿಕೊಂಡಿದೆ. ದೊಡ್ಡ ಕೆರೆಯ ತೊಂದರೆ ಎಂದರೆ ಹಕ್ಕಿ ಇದ್ದರೂ ನಿಮ್ಮ ಕಡೆಯ ದಂಡೆಯಲ್ಲೇ ಇರಬೇಕೆಂದಿಲ್ಲ. ಮೂರುಕಾಲಿನ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪ್ ಇದ್ದವರಿಗೆ ಇದು ಹಬ್ಬ. ಬರೀ ದುರ್ಬೀನಿದ್ದವರು ಚುಕ್ಕೆಗಳನ್ನು ಎಣಿಸಿ ಬರಬೇಕಾದೀತು. ರೈಲಿನಲ್ಲಿ ಹೋಗಿ ಬರಬಹುದೆಂಬುದು ಮಾತ್ರ ದೊಡ್ಡ ಅನುಕೂಲ. ಸ್ವಂತ ಗಾಡಿಯಿಲ್ಲದವರು ಇದನ್ನು ಮರೆಯಬಾರದು.

ಹಾವೇರಿ ಜಿಲ್ಲೆಯಲ್ಲಿ ನನ್ನನ್ನು ಹೆಚ್ಚು ಎಳೆಯುವುದು ರಾಣೆಬೆನ್ನೂರಿನ ಹುಲ್ಲುಗಾವಲು. ಅಲ್ಲಿ ನೋಡಬೇಕಾದದ್ದು ನೀರಹಕ್ಕಿಯಲ್ಲ. 1974ರಲ್ಲಿ ಘೋಷಿಸಿದ, 119 ಚದರ ಕಿಲೋಮೀಟರಿನ ಈ ಅಭಯಾರಣ್ಯ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ ಹೆಸರಾದದ್ದು. ಒಂದು ಕಾಲಕ್ಕೆ ಯರ್ಲಡ್ಡು ಹಕ್ಕಿಯೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇಲ್ಲಿತ್ತು. ನೀಲಗಿರಿ ನೆಡುತೋಪು ಎದ್ದು ಬಯಲು ಕುಗ್ಗಿತು, ಆ ದೊಡ್ಡ ಹಕ್ಕಿ ಕಾಣದಾಯಿತು. ಆದರೂ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾಡುಗಳಿಂದ ಸೆಳೆವಗಳು ಬರುತ್ತವೆ. ಮಾಂಟೆಗ್ಯು ಹ್ಯಾರಿಯರ್, ಪ್ಯಾಲಿಡ್ ಹ್ಯಾರಿಯರ್ ಎಂದು ಪುಸ್ತಕಗಳಲ್ಲಿರುವವು ಇವೇ. ಹಗಲೆಲ್ಲ ಹೊಲಗಳ ಮೇಲೆ ತಗ್ಗಾಗಿ ತೇಲುತ್ತ ಮಿಡತೆ, ಸಣ್ಣ ಹಕ್ಕಿ ಹಿಡಿಯುತ್ತವೆ. ಸಂಜೆ ಮರಕ್ಕೆ ಹೋಗದೆ ನೆಲದ ಹುಲ್ಲಿನಲ್ಲೇ ಒಟ್ಟಾಗಿ ಮಲಗುತ್ತವೆ. ಗಂಡು ತೆಳು ಬೂದು, ಹೆಣ್ಣು ಕಂದು, ಹೆಣ್ಣಿನ ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಎರಡು ಜಾತಿಯ ಹೆಣ್ಣುಗಳನ್ನು ಬೇರ್ಪಡಿಸುವುದು ಪಳಗಿದವರಿಗೂ ತಲೆನೋವು. ಕೆರೆಯ ಹಕ್ಕಿಗಳೆಲ್ಲ ಪರಿಚಯವಾಗಿ ಮುಂದೇನು ಎನ್ನುವವರಿಗೆ ಈ ಜಾಗ. ಹೊಸಬರನ್ನು ಕರೆದೊಯ್ದರೆ ಚಿಗರಿ ನೋಡಿ ಖುಷಿಪಟ್ಟಾರು, ಸೆಳೆವ ನೋಡಿ ಹದ್ದು ಅಂದಾರು. ಒಳಗೆ ಹೋಗಲು ಅರಣ್ಯ ಇಲಾಖೆಯವರ ಅನುಮತಿ ಮುಂಚೆಯೇ ಕೇಳಿಕೊಳ್ಳಿ, ಹುಲ್ಲಿನೊಳಗೆ ನಡೆದು ಹಕ್ಕಿ ಎಬ್ಬಿಸಬೇಡಿ.

ದಾರಿಯ ಹೊಲಗಳು

ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರ ದಾರಿಯಲ್ಲಿ ಮಾಗಡಿಗೆ ಹೋಗುವವರು ಕೆರೆ ಸಿಗುವವರೆಗೂ ಗಾಡಿ ನಿಲ್ಲಿಸುವುದಿಲ್ಲ. ಜೋಳ ತೆನೆಗಟ್ಟಿದ ಕಾಲದಲ್ಲಿ ಅದು ನಷ್ಟದ ಬಾಬತ್ತು. ಗುಲಾಬಿ ಕಬ್ಬಕ್ಕಿಗಳು ಯುರೋಪಿನ ಪೂರ್ವದಂಚು, ಮಧ್ಯ ಏಷ್ಯಾದಿಂದ ಬಂದು ಇಲ್ಲಿ ದಂಡು ಕಟ್ಟುತ್ತವೆ. ತೆನೆಗೆ ಎರಗಿದರೆ ರೈತ ಕವಣಿ ಬೀಸುತ್ತಾನೆ, ದಂಡು ಮೋಡದಂತೆ ಎದ್ದು ಮುಂದಿನ ಹೊಲಕ್ಕೆ ಬೀಳುತ್ತದೆ. ಅವು ಮಿಡತೆ, ಹುಳುಗಳನ್ನೂ ಬೇಕಾದಷ್ಟು ತಿನ್ನುತ್ತವೆ ಎಂದು ಹೇಳಿದರೆ ಕವಣಿ ಹಿಡಿದವರು ನಗುತ್ತಾರೆ. ಸೀತನಿ (ಎಳೆ ಜೋಳದ ತೆನೆ) ಸುಡುವ ದಿನಗಳಲ್ಲಿ ಯಾರಾದರೂ ಹೊಲಕ್ಕೆ ಕರೆದರೆ ಹೋಗಿಬಿಡಿ, ಹೊತ್ತು ಮುಳುಗುವಾಗ ದಂಡು ಜಾಲಿಗೆ ಇಳಿಯುವುದನ್ನು ಅಲ್ಲೇ ಕೂತು ನೋಡಬಹುದು.

ಯಾವಾಗ, ಏನು ಹಿಡಿದುಕೊಂಡು

ನವೆಂಬರಿನಲ್ಲಿ ಹಕ್ಕಿ ಬಂದಿರುತ್ತದೆ, ಆದರೆ ಗುರುತಿಸುವುದು ಕಷ್ಟ. ಗಂಡು ಬಾತುಗಳು ಆಗಿನ್ನೂ ಹಳೆಯ ಗರಿ ಉದುರಿಸಿ ಹೆಣ್ಣಿನಂತೆಯೇ ಕಂದಾಗಿರುತ್ತವೆ. ಬಿಳಿಹುಬ್ಬಿನ ಬಾತಿನ ಆ ಬಿಳಿಹುಬ್ಬೇ ತಡವಾಗಿ ಬರುವಂಥದ್ದು. ಹೊಸಬರಿಗೆ ಎಳ್ಳ ಅಮಾವಾಸ್ಯೆಯಿಂದ ಫೆಬ್ರುವರಿ ನಡುವಿನ ಕಾಲವೇ ಸರಿ: ಹಕ್ಕಿ ತುಂಬಿರುತ್ತವೆ, ಬಣ್ಣ ಬಂದಿರುತ್ತದೆ, ನೀರು ಇಳಿದು ಕೆಸರಿನ ಅಂಚು ತೆರೆದಿರುತ್ತದೆ. 1987ರಲ್ಲಿ ಶುರುವಾದ ಏಷ್ಯಾದ ನೀರಹಕ್ಕಿ ಗಣತಿ ನಡೆಯುವುದೂ ಪ್ರತಿವರ್ಷ ಜನವರಿಯಲ್ಲೇ. ಆಸಕ್ತಿ ಇದ್ದರೆ ಆಗ ನೀವು ಆರಿಸಿದ ಕೆರೆಯ ಎಣಿಕೆಯನ್ನು ಹಕ್ಕಿ ದಾಖಲೆಯ ಜಾಲತಾಣ ಇಬರ್ಡ್‌ಗೆ ಸೇರಿಸಬಹುದು.

ದುರ್ಬೀನು ಕೊಳ್ಳುವುದಿದ್ದರೆ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿಲಿಮೀಟರ್ ಮಸೂರದ್ದು) ಸಾಕು. 10x ಹೆಚ್ಚು ದೂರ ತೋರಿಸುತ್ತದೆ, ಆದರೆ ಕೈ ನಡುಕವನ್ನೂ ಅಷ್ಟೇ ಹೆಚ್ಚಿಸುತ್ತದೆ. ಮಾಗಡಿ, ಹೆಗ್ಗೇರಿಗಷ್ಟೇ ಹೋಗುವವರು ಬೇಕಾದರೆ ಅದನ್ನು ತೆಗೆದುಕೊಳ್ಳಲಿ. ಡ್ರೋನ್ ಮನೆಯಲ್ಲೇ ಇರಲಿ. ಹಗಲು ನಿದ್ದೆ ಮಾಡುವ ಹೆಬ್ಬಾತನ್ನು ಒಂದು ಸಲ ಎಬ್ಬಿಸಿದರೆ ರಾತ್ರಿಯೆಲ್ಲ ಮೇಯ್ದು ಕೂಡಿಟ್ಟ ಶಕ್ತಿಯಲ್ಲಿ ಒಂದಿಷ್ಟು ಸುಮ್ಮನೆ ಖರ್ಚಾಗುತ್ತದೆ, ವಾಪಸು ಹೋಗುವಾಗ ಹಿಮಾಲಯ ದಾಟಲು ಬೇಕಾದ ಶಕ್ತಿ ಅದು.

ಮಾರ್ಚ್ ಮುಗಿಯುವ ಹೊತ್ತಿಗೆ ಮಾಗಡಿ ಬರಿದಾಗುತ್ತದೆ. ಅಷ್ಟರೊಳಗೆ ಹೋಗಲಾಗದಿದ್ದವರು ಹೆಬ್ಬಾತು ಹುಡುಕುತ್ತ ಗದಗದ ಬಿಸಿಲಿಗೆ ಹೋಗಬೇಡಿ. ಹಾವೇರಿ ತಾಲ್ಲೂಕಿನ ಗಳಗನಾಥದ ಕಡೆ, ವರದೆ ತುಂಗಭದ್ರೆಯನ್ನು ಕೂಡುವಲ್ಲಿಗೆ ಹೋಗಿ. ಬೇಸಿಗೆಗೆ ಹೊಳೆ ಇಳಿದಾಗ ತುಂಗಭದ್ರೆಯಲ್ಲಿ ಮರಳಿನ ದಿಬ್ಬ, ಕಲ್ಲಿನ ಕುರುವಗಳು ಮೇಲೇಳುತ್ತವೆ. ನದಿ ರೀವ ಮೊಟ್ಟೆ ಇಡುವುದು ಅಂಥ ಬೋಳು ನೆಲದ ಮೇಲೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ಆ ದಿಬ್ಬಗಳ ಮೇಲೆ ಕಾಲಿಡದೆ, ದಡದಿಂದಲೇ ನೋಡಿ. ಮೊಟ್ಟೆ ಮರಳಿನ ಬಣ್ಣದಲ್ಲೇ ಇರುವುದರಿಂದ ತುಳಿದದ್ದೂ ಗೊತ್ತಾಗುವುದಿಲ್ಲ.